ಡೋಣಿಯ ತಾಟಿಗೆ ಕಡಲಪಾಚಿ ಬೇಕೆ?

ಕಡಲಪಾಚಿ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ಸುಳ್ಳಲ್ಲ. ಆದರೆ ಯಾರಿಗೆ, ಎಷ್ಟು ಒಳ್ಳೆಯದು ಎಂದು ಕೇಳದೆ ಅದರ ಪುಡಿಯ ಡಬ್ಬಿ ಕೊಳ್ಳುವುದು ತರವಲ್ಲ. ಹೀಗೆ ಕೇಳಿ ನೋಡಲು ಮುಂಡರಗಿ ತಾಲ್ಲೂಕಿನ ಡೋಣಿಯಂಥ ಊರೇ ಸರಿಯಾದ ಜಾಗ. ಕಪ್ಪತಗುಡ್ಡದ ಮಗ್ಗುಲಿನ ಈ ಊರಿಗೆ ಕಡಲು ಬಲು ದೂರ, ಕಡಲ ಮೀನು ಇಲ್ಲಿನ ದಿನದ ಊಟವಲ್ಲ.

ಕಡಲಪಾಚಿಯ ದೊಡ್ಡ ಬಲ ಅಯೋಡಿನ್. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಈ ಧಾತುವನ್ನು ಮೊದಲು ಕಂಡದ್ದೇ ಕಡಲಪಾಚಿಯ ಬೂದಿಯಲ್ಲಿ. ಅದಿಲ್ಲದೆ ಥೈರಾಯ್ಡ್ ಗ್ರಂಥಿ ಕೆಲಸ ಮಾಡದು. ಗರ್ಭಿಣಿಗೆ ತೀರಾ ಕಡಿಮೆಯಾದರೆ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ. ಮೀನು ತಿನ್ನದ ಒಳನಾಡಿನವರಿಗೆ ಈ ಕೊರತೆಯ ಭಯ ಹೆಚ್ಚು. ಉಣ್ಣುವ ಧಾನ್ಯವೂ ಇದಕ್ಕೆ ಸೇರಿಕೊಳ್ಳಬಹುದು: ಸಜ್ಜೆಯನ್ನೇ ನೆಚ್ಚಿದ್ದ ಸುಡಾನಿನ ಡಾರ್ಫರ್ ಸೀಮೆಯಲ್ಲಿ ಗಳಗಂಡ ಹೆಚ್ಚಿರುವುದನ್ನು ಕಂಡ ಸಂಶೋಧಕರು, ಆ ಧಾನ್ಯದಲ್ಲಿರುವ ಕೆಲವು ಅಂಶಗಳು ಥೈರಾಯ್ಡಿಗೆ ಅಡ್ಡಿಮಾಡುತ್ತವೆಂದು ತೋರಿಸಿದ್ದಾರೆ. ಅಯೋಡಿನ್ ಸಾಕಷ್ಟಿದ್ದವರು ಸಜ್ಜೆರೊಟ್ಟಿಗೆ ಹೆದರಬೇಕಿಲ್ಲ. ಇಲ್ಲದವರು ಮಾತ್ರ ಎಚ್ಚರವಹಿಸಬೇಕು.

ಹಾಗಾದರೆ ಡೋಣಿಯವರು ಕಡಲಪಾಚಿ ತಿನ್ನಬೇಕೇ? ಬೇಕಿಲ್ಲ ಎನ್ನುತ್ತೇನೆ. 1956ರಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಶುರುಮಾಡಿದ ಅಧ್ಯಯನ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ಇಳಿಯುತ್ತದೆಂದು ಸಾಬೀತು ಮಾಡಿತು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಮನೆಗೆ ಬರುವ ಒಂದು ಗ್ರಾಂ ಉಪ್ಪಿನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕೆಂಬುದು ಈಗ ನಿಯಮ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಅದರ ಬಹುಪಾಲು ಅಡುಗೆಯ ಉಪ್ಪಿನಿಂದಲೇ ಬರುತ್ತದೆ, ಉಪ್ಪನ್ನು ಒಲೆಯ ಪಕ್ಕ ಬಾಯಿ ತೆರೆದಿಟ್ಟು ಹಾಳುಮಾಡದಿದ್ದರೆ. ಪೇಟೆಯಲ್ಲಿ ಕೆಲವರು ಈ ಉಪ್ಪು ಬಿಟ್ಟು ಸೈಂಧವ ಲವಣ ಹಿಡಿದಿದ್ದಾರೆ. ಅದರಲ್ಲಿ ಅಯೋಡಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇತ್ತ ಉಪ್ಪು ಬಿಟ್ಟು ಅತ್ತ ಪಾಚಿಯ ಪುಡಿ ಕೊಳ್ಳುವುದನ್ನು ಕಂಡರೆ ಸಂಕಟವಾಗುತ್ತದೆ.

ಅಳತೆಯ ಪ್ರಶ್ನೆಯೂ ಇದೆ. ಜಪಾನಿನ ಕೋಂಬು ಎಂಬ ಪಾಚಿಯ ಒಂದೇ ಗ್ರಾಮಿನಲ್ಲಿ ಸಾವಿರ ಮೈಕ್ರೋಗ್ರಾಮಿಗೂ ಹೆಚ್ಚು ಅಯೋಡಿನ್ ಇರಬಹುದು. ಮೊದಲೇ ಥೈರಾಯ್ಡ್ ತೊಂದರೆ ಇದ್ದವರಿಗೆ ಅತಿಯಾದ ಅಯೋಡಿನ್ ಕಾಯಿಲೆಯನ್ನು ಕೆರಳಿಸುತ್ತದೆ. ಹಿಜಿಕಿ ಎಂಬ ಇನ್ನೊಂದು ಪಾಚಿಯಲ್ಲಿ ಆರ್ಸೆನಿಕ್ ಹೆಚ್ಚಿದೆಯೆಂದು ಬ್ರಿಟನ್ನಿನ ಆಹಾರ ಸಂಸ್ಥೆ ಅದನ್ನು ತಿನ್ನಬೇಡಿರೆಂದೇ ಹೇಳಿದೆ. ಜಪಾನಿನವರು ತಲೆಮಾರುಗಳಿಂದ ತಿಂದಿಲ್ಲವೇ ಎಂದರೆ, ಹೌದು, ಅವರ ಕರುಳೂ ಅದಕ್ಕೆ ಒಗ್ಗಿದೆ. ನೋರಿ ಎಂಬ ಪಾಚಿಯ ನಾರನ್ನು ಒಡೆಯುವ ಜೀನುಗಳು ಕಡಲ ಬ್ಯಾಕ್ಟೀರಿಯಾದಿಂದ ಜಪಾನೀಯರ ಕರುಳಿನ ಬ್ಯಾಕ್ಟೀರಿಯಾಕ್ಕೆ ಸೇರಿಕೊಂಡಿವೆಯೆಂದು 2010ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಊಟ ಮತ್ತು ಊರಿನ ನಂಟು ಇಷ್ಟು ಆಳದ್ದು.

ಪಾಚಿಯ ಉಳಿದ ಗುಣಗಳೆಂದು ಹೇಳುವ ನಾರು, ಕಬ್ಬಿಣ, ಒಳ್ಳೆಯ ಕೊಬ್ಬು ಈ ಸೀಮೆಯಲ್ಲಿ ಬೇರೆ ರೂಪದಲ್ಲಿ ಸಿಗುತ್ತವೆ. ಬಿಸಿ ಜೋಳದ ರೊಟ್ಟಿ ಮುರಿದು, ತೊಳೆದ ಹಸಿ ಹಕ್ಕರಕಿ ಎಲೆ ಇಟ್ಟು, ಅಗಸಿ ಚಟ್ನಿಗೆ ಎಣ್ಣೆ ಬಿಟ್ಟು ಸುತ್ತಿ ಬಾಯಿಗಿಟ್ಟರೆ ಮೊದಲು ತುಸು ಕಹಿ, ಆಮೇಲೆ ಅಗಸಿಯ ಘಮ. ಅಗಸಿ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಒಮೆಗಾ-3 ಕೊಬ್ಬು. ಕೆಲವು ಪಾಚಿಗಳಲ್ಲಿರುವ ಒಮೆಗಾ-3 ಇದೇ ಬಗೆಯದಲ್ಲ, ದೇಹ ಅದನ್ನು ಇನ್ನೂ ಸಲೀಸಾಗಿ ಬಳಸಿಕೊಳ್ಳುತ್ತದೆ, ಇದನ್ನು ಒಪ್ಪಬೇಕು. ಆದರೆ ಒಣಗಿದ ಪಾಚಿಯ ಒಂದು ಚಿಟಿಕೆಯಲ್ಲಿ ಕೊಬ್ಬು ಎಷ್ಟಿದ್ದೀತು? ಚಟ್ನಿಯನ್ನು ನಾವು ಚಮಚೆಗಟ್ಟಲೆ ತಿನ್ನುತ್ತೇವೆ.

ನನಗೆ ಚಿಂತೆಯಿರುವುದು ರೊಟ್ಟಿಯೊಡನೆ ತಿನ್ನುವ ಇಂಥ ಹೊಲದ ಸೊಪ್ಪುಗಳದ್ದೇ. ಹಕ್ಕರಕಿ, ಕಿರಕಸಾಲಿ, ಗೋಳಿ ಇವನ್ನು ಬಹುತೇಕ ಯಾರೂ ಬಿತ್ತುವುದಿಲ್ಲ. ಎರೆಹೊಲದಲ್ಲಿ ತಾವಾಗಿ ಹುಟ್ಟಿ, ಕಳೆ ತೆಗೆಯುವ ಹೆಂಗಸರ ಉಡಿಯಲ್ಲಿ ಮನೆಗೆ ಬರುತ್ತಿದ್ದವು. ಕಳೆನಾಶಕ ಹೊಡೆದ ಹೊಲದಲ್ಲಿ ಕಳೆಯೊಂದಿಗೆ ಪಲ್ಯವೂ ಸಾಯುತ್ತದೆ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ್ದರಿಂದ ಗುಡ್ಡದ ಔಷಧಿ ಸಸ್ಯಗಳಿಗೆ ಒಂದು ಕಾವಲು ಸಿಕ್ಕಿತು. ಹೊಲದ ಸೊಪ್ಪಿಗೆ ಅಂಥ ಕಾವಲಿಲ್ಲ. ಬದುವಿನ ಒಂದು ಪಟ್ಟಿಯನ್ನಾದರೂ ಔಷಧಿ ಹೊಡೆಯದೆ ಬಿಡುವಂತೆ ಕೃಷಿ ಇಲಾಖೆ ರೈತರನ್ನು ಒಪ್ಪಿಸಲಿ, ಅಲ್ಲಿ ಹುಟ್ಟಿದ ಸೊಪ್ಪನ್ನು ಶಾಲೆಯ ಬಿಸಿಯೂಟದ ಸಾರಿಗೆ ಕೊಂಡುಕೊಳ್ಳಲಿ.