ಕೈಗಾದ ತ್ಯಾಜ್ಯ, ಕೋಲಾರದ ಆತಂಕ: ಸೀಸಿಯಂ ಬೇರ್ಪಟ್ಟರೆ ಹೊರೆ ಇಳಿದೀತೇ?

ಹೈದರಾಬಾದ್: ಕೈಗಾದಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳ ನಿರ್ಮಾಣ ಗುತ್ತಿಗೆ 2025ರಲ್ಲಿ ಹೈದರಾಬಾದಿನ ಮೇಘಾ ಎಂಜಿನಿಯರಿಂಗ್ ಸಂಸ್ಥೆಗೆ ದೊರೆತಿದೆ. ಅಲ್ಲಿನ ಹಳೆಯ ನಾಲ್ಕು ಘಟಕಗಳಿಗೆ ಇಂಧನ ಸಿದ್ಧವಾಗುವುದೂ ಇದೇ ನಗರದ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್‌ನಲ್ಲಿ. ಇಂಧನ ಇಲ್ಲಿಯದು, ವಿದ್ಯುತ್ ಅಲ್ಲಿಯದು. ಉಳಿಯುವ ತ್ಯಾಜ್ಯ ಯಾರ ಪಾಲಿಗೆ?

ಈ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಕುಡಂಕುಳಂ ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿದ್ದಾಗ, 2012ರ ನವೆಂಬರ್‌ನಲ್ಲಿ, ತ್ಯಾಜ್ಯವನ್ನು ಕೋಲಾರದ ಚಿನ್ನದ ಗಣಿಗೆ ತರಲಾಗುತ್ತದೆ ಎಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲವೆಂದು ಕೇಂದ್ರ ಸ್ಪಷ್ಟಪಡಿಸಿತು. ಆದರೆ ಜನರ ಅನುಮಾನಕ್ಕೆ ಹಿನ್ನೆಲೆ ಇತ್ತು. 1980ರ ದಶಕದಲ್ಲಿ ಅದೇ ಗಣಿಯಾಳದಲ್ಲಿ ಹೀಟರ್‌ಗಳನ್ನಿಟ್ಟು, ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆಂದು ಪರೀಕ್ಷಿಸಲಾಗಿತ್ತು. ತ್ಯಾಜ್ಯವನ್ನು ಆಗ ಅಲ್ಲಿಡಲಿಲ್ಲ.

ಬಿಸಿಯ ಪರೀಕ್ಷೆ ಏಕೆ? ಬಳಸಿದ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಯುರೇನಿಯಂ, ಪ್ಲುಟೋನಿಯಂ ತೆಗೆದ ಮೇಲೆ ಉಳಿಯುವ ಆಮ್ಲದ್ರವದಲ್ಲಿ ಮೊದಲ ಶತಮಾನಗಳ ಶಾಖಕ್ಕೂ ವಿಕಿರಣಕ್ಕೂ ಮುಖ್ಯ ಕಾರಣ ಸೀಸಿಯಂ-137 ಮತ್ತು ಸ್ಟ್ರಾಂಷಿಯಂ-90. ಸೀಸಿಯಂ ಸುಮಾರು 30 ವರ್ಷಕ್ಕೆ ಅರ್ಧವಾಗುತ್ತದೆ, 300 ವರ್ಷಕ್ಕೆ ಸಾವಿರದಲ್ಲೊಂದು ಪಾಲಿಗಿಳಿಯುತ್ತದೆ. ಅದನ್ನು ಮೊದಲೇ ತೆಗೆದರೆ ಉಳಿದುದನ್ನು ಕಾಯುವುದು ಹಗುರ.

ತೆಗೆಯುವುದು ಮಾತ್ರ ಸುಲಭವಲ್ಲ. ಮನೆಯ ನೀರು ಮೆದುಗೊಳಿಸುವ ಯಂತ್ರದಲ್ಲಿ ರಾಳವು ಸೋಡಿಯಂ ಕೊಟ್ಟು ಕ್ಯಾಲ್ಸಿಯಂ ಹಿಡಿಯುವಂತೆ ಇಲ್ಲಿಯೂ ಅಯಾನು ವಿನಿಮಯ ನಡೆಯಬೇಕು. ಆದರೆ ತೀವ್ರ ಆಮ್ಲದಲ್ಲಿ ಹೈಡ್ರೋಜನ್ ಅಯಾನುಗಳೇ ಮುಗಿಬಿದ್ದು ಜಾಗ ಹಿಡಿಯುತ್ತವೆ, ವಿಕಿರಣಕ್ಕೆ ಸಾಮಾನ್ಯ ರಾಳ ಹಾಳಾಗುತ್ತದೆ. ಅಮೋನಿಯಂ ಮಾಲಿಬ್ಡೋಫಾಸ್ಫೇಟ್ ಎಂಬ ಹಳದಿ ಲವಣ ಆಮ್ಲದಲ್ಲೂ ಅಮೋನಿಯಂ ಬಿಟ್ಟುಕೊಟ್ಟು ಸೀಸಿಯಂ ಹಿಡಿಯುತ್ತದೆ. ಅದರ ನುಣ್ಣನೆಯ ಪುಡಿ ಕೊಳವೆಯಲ್ಲಿ ಕಟ್ಟಿಕೊಳ್ಳುವುದರಿಂದ ಪಾಲಿಮರ್ ಮಣಿಗಳಲ್ಲಿ ಸೇರಿಸಿ ಬಳಸುವ ವಿಧಾನ ಬಂದಿದೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ಇದೇ ಕೆಲಸಕ್ಕೆ ಕ್ಯಾಲಿಕ್ಸ್-ಕ್ರೌನ್ ಎಂಬ ದ್ರಾವಕದ ದಾರಿಯನ್ನೂ ಹಿಡಿದಿದೆ. ಹಾಗೆ ಪಡೆದ ಸೀಸಿಯಂ ಗಾಜಿನ ಕಡ್ಡಿಗಳಾಗಿ, ರೋಗಿಗಳಿಗೆ ಕೊಡುವ ರಕ್ತವನ್ನು ವಿಕಿರಣಕ್ಕೊಡ್ಡುವ ಯಂತ್ರಗಳಿಗೆ ಹೋಗುತ್ತಿದೆ.

ಗಾಜಿನ ರೂಪಕ್ಕೆ ಅರ್ಥವಿದೆ. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ ಪಾಳುಬಿದ್ದ ಚಿಕಿತ್ಸಾ ಯಂತ್ರದ ಸೀಸಿಯಂ ಲವಣ ಜನರ ಕೈಸೇರಿ ನಾಲ್ವರು ಸತ್ತರು. ಅದು ನೀರಲ್ಲಿ ಕರಗುವ ಪುಡಿಯಾಗಿತ್ತು.

ಆದರೂ ಸೀಸಿಯಂ ತೆಗೆದ ಮಾತ್ರಕ್ಕೆ ಸಾಲ ತೀರಿತೆನ್ನಲಾಗದು. ದೀರ್ಘಾಯುಷ್ಯದ ಧಾತುಗಳು ಉಳಿದೇ ಇರುತ್ತವೆ, ತೆಗೆದದ್ದನ್ನೂ ಹಲವು ತಲೆಮಾರು ಕಾಯಬೇಕು. ಇಳಿಯುವುದು ಬಡ್ಡಿಯ ಹೊರೆ, ಅಸಲು ಅಲ್ಲ. ಹೊಸ ಘಟಕಗಳು ಏಳುವ ಮುನ್ನವೇ ಈ ಲೆಕ್ಕವನ್ನು ಕೈಗಾದ ಜನರ ಮುಂದಿಟ್ಟರೆ 2012ರ ಕೋಲಾರ ಮರುಕಳಿಸದು.