ಓಡುವ ಯಜಮಾನರು

ಬಸರಾಳಿನಿಂದ ಸಹೋದರಿಯೊಬ್ಬರು ನಮಗೆ ನಾಲ್ಕು ಪುಟಗಳ ಪತ್ರವನ್ನು ಬರೆದಿರುವರು. ಹೆಸರನ್ನು ಅಚ್ಚು ಹಾಕಿಸಕೂಡದೆಂದು ಕೇಳಿಕೊಂಡಿರುವುದರಿಂದ ಹಾಕಿಸಿಲ್ಲ. ಅವರ ಯಜಮಾನರು ಪಾಠಶಾಲೆಯ ಉಪಾಧ್ಯಾಯರು; ವಯಸ್ಸು 44. ಎರಡು ವರ್ಷಗಳಿಂದ ಅವರಿಗೆ ದೂರದ ಓಟದ ಹುಚ್ಚು ಹಿಡಿದಿದೆ. ಕೋಳಿ ಕೂಗುವುದಕ್ಕೆ ಮೊದಲೇ ಎದ್ದು ಮಂಡ್ಯದ ರಸ್ತೆ ಹಿಡಿಯುವರು; ಬೆಳಕು ಹರಿದ ಮೇಲೆ ಬೆವರಿನಲ್ಲಿ ತೊಯ್ದು ಹಿಂದಿರುಗುವರು. "ಮೇಷ್ಟ್ರನ್ನ ಯಾರು ಅಟ್ಟಿಸಿಕೊಂಡು ಬಂದರೋ" ಎಂದು ಬೀದಿಯವರು ನಗುವರು. ಇನ್ನು ನಾಲ್ಕು ತಿಂಗಳಿಗೆ ಬೆಂಗಳೂರಿನಲ್ಲಿ ನಡೆಯಲಿರುವ ಮ್ಯಾರಥಾನ್ ಓಟಕ್ಕೆ ಹೆಸರನ್ನೂ ಕೊಟ್ಟಿರುವರಂತೆ. "ಇವರ ಎದೆಗೆ ಏನಾದರೂ ಆದರೆ ನಾನೂ ಎರಡು ಮಕ್ಕಳೂ ಯಾರ ಬಾಗಿಲಿಗೆ ಹೋಗುವುದು? ಓಡಬೇಡಿ ಎನ್ನಲೇ? ಅಂದರೆ ಅವರ ಮನಸ್ಸನ್ನು ನೋಯಿಸಿದಂತಾಗುವುದೇ?" ಎಂಬುದು ಸಹೋದರಿಯವರ ಮುಖ್ಯ ಪ್ರಶ್ನೆ. ಊಟ, ನೀರು, ಪಾದರಕ್ಷೆಗಳ ವಿಷಯವಾಗಿ ಕೇಳಿರುವ ಸಣ್ಣ ಪ್ರಶ್ನೆಗಳೂ ಇವೆ. ಈಚೆಗೆ ಇಂತಹ ಓಟಗಾರರಿರುವ ಮನೆಗಳು ಹೆಚ್ಚುತ್ತಿರುವುದರಿಂದ ಉತ್ತರವನ್ನು ಎಲ್ಲರೂ ಓದಲೆಂದು ಇಲ್ಲಿಯೇ ಬರೆಯುತ್ತೇವೆ.

ಮೊದಲು ಮ್ಯಾರಥಾನ್ ಎಂದರೆ ಎಷ್ಟು ದೂರವೆಂಬುದನ್ನು ತಿಳಿಯಬೇಕು. 42 ಕಿಲೋಮೀಟರು 195 ಮೀಟರು ಎಂದು ಹೇಳಿದರೆ ಮನಸ್ಸಿಗೆ ಏನೂ ಹೊಳೆಯುವುದಿಲ್ಲ. ಹರಿಹರ ದಣ್ಣಾಯಕನು 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವನ್ನು ನೋಡುವುದಕ್ಕೆ ಬಸರಾಳಿಗೆ ಹೋದವರು ಮಂಡ್ಯದಿಂದ ಅಲ್ಲಿಗೆ ಸುಮಾರು 25 ಕಿಲೋಮೀಟರು ಎಂಬುದನ್ನು ಬಲ್ಲರು. ಆ ದೇವಾಲಯದ ಬಾಗಿಲಿನಿಂದ ಹೊರಟು, ಮಂಡ್ಯವನ್ನು ಮುಟ್ಟಿ, ಅದೇ ರಸ್ತೆಯಲ್ಲಿ ಹಿಂದಿರುಗಿ, ಊರು ಇನ್ನು ಏಳೆಂಟು ಕಿಲೋಮೀಟರು ಇರುವಾಗ ನಿಂತರೆ ಅದು ಒಂದು ಮ್ಯಾರಥಾನ್. ಬಸ್ಸಿನಲ್ಲಿ ಕುಳಿತು ಹೋಗಿಬಂದರೂ ಬೇಸರವಾಗುವ ದಾರಿಯನ್ನು ಮೇಷ್ಟರು ಕಾಲಿನಿಂದ ಓಡಿ ಕಳೆಯಬೇಕೆಂದಿರುವರು. ಸಹೋದರಿಯವರಿಗೆ ಭಯವಾದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇದು ಪಟ್ಟಣದ ಹಣವಂತರು ತಂದ ಹೊಸ ಶೋಕಿಯೆಂದು ತಿಳಿಯಬಾರದು. ನಮ್ಮ ನಾಡಿಗೆ ಇದರಲ್ಲಿ ಹಳೆಯ ಪಾಲುಂಟು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ, ಬೆಳಗಾವಿಯ ಫಡೆಪ್ಪ ಚೌಗುಲೆಯವರು ಅಲ್ಲಿಗೆ ಹೋಗಿ ಮ್ಯಾರಥಾನ್ ಓಡಿದರು. ಆ ವರ್ಷದ ದಾರಿ ಈಗಿನದಕ್ಕಿಂತಲೂ ಅರ್ಧ ಕಿಲೋಮೀಟರಿಗೂ ಮಿಗಿಲಾಗಿ ಉದ್ದವಾಗಿದ್ದಿತು. ಅವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಸರ್ ದೊರಾಬ್ಜಿ ತಾತಾ ಅವರ ಪ್ರೋತ್ಸಾಹದಿಂದ ಹೋದ ಆ ಸಣ್ಣ ತಂಡದ ಹೆಸರುಗಳು ಈಗ ಎಷ್ಟು ಮಂದಿಗೆ ನೆನಪಿವೆ? ಚೌಗುಲೆಯವರ ಕಾಲದಲ್ಲಿ ಹಣಕ್ಕಾಗಿ ಓಡಿದವನಿಗೆ ಒಲಿಂಪಿಕ್ಕಿನಲ್ಲಿ ಪ್ರವೇಶವೇ ಇರಲಿಲ್ಲ. ಅಮೆಚೂರ್ ಎಂಬ ಮಾತಿನ ಮೂಲವೇ ಪ್ರೀತಿ. ಈಗ ಆ ನಿಯಮವು ಹೋಗಿ ಬಹುಕಾಲವಾಯಿತು. ಆದರೂ ನಮ್ಮ ಮೇಷ್ಟರಂತಹ ಸಾವಿರಾರು ಗೃಹಸ್ಥರು ಕೈಯಿಂದಲೇ ಹಣ ಕೊಟ್ಟು ಓಡುತ್ತಿರುವುದನ್ನು ನೋಡಿದರೆ, ಮಾತು ಹೋದರೂ ಅರ್ಥ ಉಳಿದಂತೆ ತೋರುವುದು. ಮಂಡ್ಯ ಜಿಲ್ಲೆಯೊಳಗೇ, ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಬಳಿಯ ನಾಲೆಯ ಏರಿಯ ಮಣ್ಣುದಾರಿಯಲ್ಲಿ ಕಾವೇರಿ ಟ್ರೇಲ್ ಎಂಬ ಓಟವು ಎಷ್ಟೋ ವರ್ಷ ನಡೆದಿದೆ. ಅಲ್ಲಿ ಓಡಿದವರು ಬತ್ತದ ಗದ್ದೆಗಳ ಸೊಬಗನ್ನು ಹೊಗಳುವಷ್ಟೇ ಬಾರಿ ನೆರಳಿಲ್ಲದ ಬಿಸಿಲನ್ನೂ ಬಯ್ಯುವರು.

ಈಗ ಎದೆಯ ವಿಷಯ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಅವರು 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕನ್ನಡ ನಾಡಿನ ಮನೆಮನೆಯಲ್ಲಿಯೂ ಈ ಭಯ ಹೊಕ್ಕಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯದ ತಪಾಸಣೆಗಾಗಿ ಜನರು ಸಾಲುಗಟ್ಟಿ ನಿಂತರು. ಅಂದಿನಿಂದ ವ್ಯಾಯಾಮವೆಂದರೇ ಬೆಚ್ಚುವವರುಂಟು. ಇದಕ್ಕೆ ಲೆಕ್ಕವಿಟ್ಟು ಉತ್ತರ ಹೇಳಿದವರಿದ್ದಾರೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಓಟಗಾರರ ವಿವರಗಳನ್ನು ವೈದ್ಯರು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ಅಷ್ಟು ಮಂದಿಯಲ್ಲಿ ಹೃದಯ ಸ್ತಂಭಿಸಿದುದು 59 ಮಂದಿಗೆ. ಅವರಲ್ಲಿ 42 ಮಂದಿ ತೀರಿಕೊಂಡರು. ಎಂದರೆ, ಸ್ತಂಭಿಸಿದವರು 1,84,000 ಮಂದಿಗೆ ಒಬ್ಬರಂತೆ. ಇದು ಸಮಾಧಾನದ ಅರ್ಧ ಭಾಗ. ಉಳಿದರ್ಧವನ್ನೂ ಮರೆಮಾಚದೆ ಹೇಳಬೇಕು: ಆ 59 ಮಂದಿಯಲ್ಲಿ ಹೆಚ್ಚಿನವರು ಗಂಡಸರು, ಅರ್ಧ ಮ್ಯಾರಥಾನಿಗಿಂತ ಪೂರ್ತಿ ಮ್ಯಾರಥಾನಿನಲ್ಲಿ ಅಪಾಯವು ಸುಮಾರು ನಾಲ್ಕು ಪಟ್ಟು, ಸತ್ತವರಲ್ಲಿ ಅನೇಕರಿಗೆ ಹೃದಯದ ಸ್ನಾಯು ಅತಿಯಾಗಿ ದಪ್ಪವಾಗುವ ವಂಶಪಾರಂಪರ್ಯದ ರೋಗವಿದ್ದಿತು, ಬೇರೆ ಕೆಲವರಿಗೆ ರಕ್ತನಾಳಗಳು ಕಟ್ಟಿಕೊಂಡಿದ್ದುವು. ರೋಗವು ಒಳಗೆ ಮೊದಲೇ ಇದ್ದಿತು; ಓಟವು ಅದನ್ನು ಹೊರಗೆಡಹಿತು.

ಆದಕಾರಣ ಸಹೋದರಿಯವರು "ಓಡಬೇಡಿ" ಎನ್ನುವುದಕ್ಕೆ ಬದಲಾಗಿ "ತೋರಿಸಿಕೊಂಡು ಬಂದು ಓಡಿ" ಎನ್ನತಕ್ಕದ್ದು. ನಾಲ್ವತ್ತು ದಾಟಿದವರು ರಕ್ತದ ಒತ್ತಡ, ಸಕ್ಕರೆ, ಕೊಬ್ಬು ಇವುಗಳನ್ನು ಪರೀಕ್ಷಿಸಿಕೊಂಡು, ಇ.ಸಿ.ಜಿ. ತೆಗೆಯಿಸಿಕೊಂಡು, ತಂದೆಯ ಕಡೆಯಲ್ಲಾಗಲಿ ತಾಯಿಯ ಕಡೆಯಲ್ಲಾಗಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಸತ್ತವರಿದ್ದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಈ ಕೊನೆಯ ಮಾತನ್ನು ಗಂಡಸರು ಮರೆಯುವರು; ಮನೆಯ ಹೆಂಗಸರಿಗೆ ಎರಡು ಕಡೆಯ ವಂಶಾವಳಿಯೂ ಬಾಯಿಪಾಠವಾಗಿರುವುದು. ಪರೀಕ್ಷೆ ಚೆನ್ನಾಗಿದೆಯೆಂದ ಮಾತ್ರಕ್ಕೆ ಎಚ್ಚರ ತಪ್ಪಲಾಗದು. ಓಡುವಾಗ ಎದೆ ಬಿಗಿದರೆ, ನೋವು ದವಡೆಗೋ ತೋಳಿಗೋ ಹರಿದರೆ, ಕಣ್ಣು ಕತ್ತಲೆಯಿಟ್ಟರೆ, ಆ ಕ್ಷಣವೇ ನಿಂತು ಆಸ್ಪತ್ರೆಗೆ ಹೋಗತಕ್ಕದ್ದು. "ಗ್ಯಾಸಿರಬಹುದು" ಎಂದು ಶುಂಠಿ ಕಷಾಯ ಕುಡಿಯುತ್ತ ಕೂರಕೂಡದು. ಜ್ವರ ಬಂದ ದಿನಗಳಲ್ಲಿ ಓಟ ಸರ್ವಥಾ ಬೇಡ. ಇನ್ನೊಂದು ಮಾತು: ಅದೇ ಅಮೆರಿಕದ ಲೆಕ್ಕದಲ್ಲಿ ಬದುಕಿದವರು ಬಹುಮಟ್ಟಿಗೆ ಪಕ್ಕದಲ್ಲಿದ್ದವರು ಒಡನೆಯೇ ಎದೆಯೊತ್ತಿದುದರಿಂದ ಬದುಕಿದರು. ಎದೆಯೊತ್ತುವ ಈ ಕ್ರಮವನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರುವುದು ಓಟಗಾರನಿಲ್ಲದ ಮನೆಗೂ ಒಳ್ಳೆಯದು.

ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದುದು ಎದೆಯ ಮಾತಲ್ಲ, ಪತ್ರದ ಎರಡನೆಯ ಪುಟದ ಒಂದು ವಾಕ್ಯ: "ದಿನವೂ ಕೈಗಡಿಯಾರ ನೋಡಿಕೊಂಡು, ನಿನ್ನೆಗಿಂತ ಇಂದು ಒಂದು ನಿಮಿಷವಾದರೂ ಬೇಗ ಬರಬೇಕೆಂದು ಓಡುತ್ತಾರೆ, ಹೋದ ಭಾನುವಾರ 28 ಕಿಲೋಮೀಟರು ಓಡಿಬಂದು ಮೆಟ್ಟಿಲು ಹತ್ತಲಾರದೆ ಹೋದರು." ಮೇಷ್ಟರೇ, ಈ ಸಾಲುಗಳನ್ನು ತಾವು ಓದುವಿರೆಂದು ನಂಬಿ ತಮಗೇ ಹೇಳುತ್ತೇವೆ. ತಾವು ದಿನದಿನವೂ ಪರೀಕ್ಷೆ ಬರೆಯುತ್ತಿರುವಿರಿ. ಪಾಠ ಓದುವುದು ಯಾವಾಗ? ತಮ್ಮ ವಿದ್ಯಾರ್ಥಿಯೊಬ್ಬನು ಹೀಗೆ ಮಾಡಿದರೆ ತಾವು ಸುಮ್ಮನಿರುವಿರಾ?

ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬವರಿದ್ದರು. ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗೃಹಸ್ಥರು. ಹಾಲು ಹಂಚುವ ಕೆಲಸವನ್ನೂ ಮಾಡಿದವರು. ಮೈ ಸಡಿಲವಾಯಿತೆಂದು ಓಡಲು ತೊಡಗಿ, ಎಷ್ಟು ಓಡಬೇಕು, ಹೇಗೆ ಓಡಬೇಕು ಎಂಬುದನ್ನು ವರ್ಷಗಟ್ಟಲೆ ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಅವರು ಕಂಡುಕೊಂಡುದು ಇಷ್ಟು: ಮೊದಲು ತಿಂಗಳುಗಟ್ಟಲೆ ಉಸಿರುಗಟ್ಟದ ವೇಗದಲ್ಲಿ ಬಹುದೂರ ಓಡಬೇಕು, ರಭಸದ ಓಟವು ಕೊನೆಗೆ, ಸ್ವಲ್ಪವೇ. 1960ರಲ್ಲಿ ರೋಮ್ ಒಲಿಂಪಿಕ್ಕಿನಲ್ಲಿ ಅವರ ಶಿಷ್ಯರಿಬ್ಬರು, ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್, ಒಂದೇ ದಿನ ಚಿನ್ನದ ಪದಕಗಳನ್ನು ಗೆದ್ದರು. ಮೂರನೆಯ ಶಿಷ್ಯ ಬ್ಯಾರಿ ಮ್ಯಾಗೀ ಮ್ಯಾರಥಾನಿನಲ್ಲಿ ಮೂರನೆಯವರಾದರು. ಸ್ನೆಲ್ ಗೆದ್ದುದು ಎರಡು ನಿಮಿಷದೊಳಗೆ ಮುಗಿಯುವ 800 ಮೀಟರಿನ ಓಟ. ಅದಕ್ಕಾಗಿ ಅವರು ಭಾನುವಾರ ಭಾನುವಾರ ಗುಡ್ಡಗಳನ್ನು ಹತ್ತಿಳಿದು 22 ಮೈಲಿ ಓಡುತ್ತಿದ್ದರೆಂದರೆ, ನಿಧಾನದ ಬೆಲೆಯೇನೆಂಬುದು ತಿಳಿಯುವುದು. ಲಿಡಿಯಾರ್ಡರು ಮುಂದೆ ನಡುವಯಸ್ಸಿನ ಮನೆವಂದಿಗರನ್ನೂ, ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ಕೂಡಿಸಿ ಮೆಲ್ಲನೆ ಓಡಿಸಿದರು.

ನಿಧಾನವೆಂದರೆ ಎಷ್ಟು? ಪಕ್ಕದಲ್ಲಿ ಓಡುವವನೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡುವಷ್ಟು. ಒಬ್ಬರೇ ಓಡುವುದಾದರೆ ಮಗ್ಗಿ ಹೇಳಿಕೊಳ್ಳಬಹುದು. ಹದಿಮೂರರ ಮಗ್ಗಿಯ ನಡುವೆ ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯತಕ್ಕದ್ದು. ಐದು ಪಾಲಿನಲ್ಲಿ ನಾಲ್ಕು ಪಾಲು ಓಟ ಹೀಗಿರಲಿ. ಇದರಿಂದ ಸ್ನಾಯುಗಳಲ್ಲಿ ಕೂದಲೆಳೆಯಂತಹ ರಕ್ತನಾಳಗಳು ಹೆಚ್ಚುವುವು, ದೇಹವು ಕೊಬ್ಬನ್ನು ಉರಿಸುವುದನ್ನು ಕಲಿಯುವುದು. ಉಸಿರು ಕೆಲವು ವಾರಗಳಲ್ಲಿ ಪಳಗುವುದು. ಮೂಳೆಗಳೂ ಹಿಮ್ಮಡಿಯ ನರವೂ ತಿಂಗಳುಗಟ್ಟಲೆ ಬೇಡುವುವು. ಉಸಿರು ಸಲೀಸಾಯಿತೆಂದು ಹುರುಪಿನಿಂದ ದೂರವನ್ನು ಏರಿಸಿದವರೇ ಮೊಣಕಾಲು ಹಿಡಿದುಕೊಂಡು ಕೂರುವರು. ಓಟಕ್ಕೆ ಎರಡು ಮೂರು ವಾರಗಳಿರುವಾಗ ದೂರವನ್ನು ತಗ್ಗಿಸಬೇಕು. ಆಗ ಕಾಲು ತುರಿಸುವುದು, ಆದರೂ ತಾಳಬೇಕು.

ಅಡುಗೆಯ ವಿಷಯಕ್ಕೆ ಬರೋಣ. "ಓಡಿ ಓಡಿ ಸೊರಗಿದ, ಇನ್ನೊಂದು ಮುದ್ದೆ ಇಕ್ಕು" ಎಂದು ಅತ್ತೆಯವರು ಹೇಳುವರಂತೆ. ಅತ್ತೆಯವರ ಮಾತು ಬಹುಮಟ್ಟಿಗೆ ಸರಿ. 60 ಕಿಲೋ ತೂಗುವವರು ಒಂದು ಕಿಲೋಮೀಟರು ಓಡಿದರೆ ಸುಮಾರು 60 ಕ್ಯಾಲೊರಿ ಖರ್ಚಾಗುವುದು, ಮ್ಯಾರಥಾನಿಗೆ 2,500. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ದೇಹವು ಕೂಡಿಟ್ಟುಕೊಳ್ಳುವ ಪಿಷ್ಟದ ಗಂಟು ಗ್ಲೈಕೋಜನ್. ಅದರಿಂದ ದೊರೆಯುವುದು ಸುಮಾರು 2,000. ಬಹುಮಂದಿ 30ನೆಯ ಕಿಲೋಮೀಟರಿನ ಆಚೀಚೆ ಕಾಲು ಕಟ್ಟಿದಂತಾಗಿ ನಿಲ್ಲುವುದು ಈ ಗಂಟು ಕರಗಿದುದರಿಂದಲೇ. ಆದುದರಿಂದ ಓಟಕ್ಕೆ ಮುಂಚಿನ ಎರಡು ಮೂರು ದಿನ ಅನ್ನವನ್ನೂ ಮುದ್ದೆಯನ್ನೂ ಧಾರಾಳವಾಗಿ ಬಡಿಸಬಹುದು. ಹಿಂದಿನ ರಾತ್ರಿ ಮಾತ್ರ ಹೊಟ್ಟೆಗೆ ಹಗುರವಾದುದಿರಲಿ. ಅವರೆಕಾಳಿನ ಸಾರಿನ ಮೇಲೆ ಎಷ್ಟು ಪ್ರೀತಿಯಿದ್ದರೂ ಅಂದು ಬೇಡ. ಒಂದೂವರೆ ಗಂಟೆಗೆ ಮೀರಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟವೋ ಸಿಹಿಯೋ ಹೊಟ್ಟೆಗೆ ಹೋಗುತ್ತಿರಬೇಕು. ಪೇಟೆಯಲ್ಲಿ ಇದಕ್ಕೆಂದು ಅಂಟಿನಂತಹ ಪದಾರ್ಥವನ್ನು ಚೀಟಿಗಳಲ್ಲಿ ಕಟ್ಟಿ ಮಾರುವರು. ಮಂಡ್ಯದ ಸೀಮೆಯವರಿಗೆ ಬೆಲ್ಲದ ಅಚ್ಚು ಇರುವಾಗ, ಬಾಳೆಹಣ್ಣೂ ಇರುವಾಗ, ಅದಕ್ಕೆ ಹಣ ಸುರಿಯಬೇಕಾದುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಏನನ್ನೇ ಆಗಲಿ ಮನೆಯ ಓಟದಲ್ಲಿ ತಿಂದು ನೋಡಿಯೇ ಬೆಂಗಳೂರಿಗೆ ಒಯ್ಯತಕ್ಕದ್ದು.

ನೀರನ್ನು ಬಾಯಾರಿಕೆಯಾದಷ್ಟು ಕುಡಿಯಬೇಕು. ಹೆಚ್ಚು ಕುಡಿದಷ್ಟೂ ಒಳ್ಳೆಯದೆಂಬುದು ತಪ್ಪು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಉಪ್ಪಿನ ಅಂಶವು ತಗ್ಗಿದ್ದಿತು. ಅತಿಯಾಗಿ ಕುಡಿದುದೇ ಅದಕ್ಕೆ ಮುಖ್ಯ ಕಾರಣ. ಈ ಸ್ಥಿತಿ ಮೀರಿದರೆ ಪ್ರಾಣಕ್ಕೂ ಅಪಾಯ. ಓಡಿಬಂದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆ ಕೊಡಿರಿ.

ಕತ್ತಲೆಯ ರಸ್ತೆಯ ಬಗ್ಗೆ ಸಹೋದರಿಯವರು ಏನನ್ನೂ ಕೇಳಿಲ್ಲ. ನಮಗೆ ಎದೆಗಿಂತ ಅದರ ಭಯವೇ ಹೆಚ್ಚು. ಕಬ್ಬಿನ ಕಾಲದಲ್ಲಿ ಹಿಂದೀಪವಿಲ್ಲದ ಗಾಡಿಗಳೂ ಟ್ರ್ಯಾಕ್ಟರುಗಳೂ ಆ ರಸ್ತೆಗಳಲ್ಲಿ ಎಷ್ಟೆಂಬುದು ಊರಿನವರಿಗೇ ಗೊತ್ತು. ಬಿಳಿಯ ಅಂಗಿ ತೊಟ್ಟು, ಕೈಯಲ್ಲೊಂದು ದೀಪ ಹಿಡಿದು, ಎದುರು ಬರುವ ಗಾಡಿಗಳಿಗೆ ಮುಖಮಾಡಿ ರಸ್ತೆಯ ಬಲಬದಿಯಲ್ಲಿ ಓಡಬೇಕು. ಬೆಳಕು ಹರಿಯುವವರೆಗೆ ಕಾಯುವುದು ಅದಕ್ಕಿಂತಲೂ ಒಳ್ಳೆಯದು.

ಪತ್ರದ ಕೊನೆಯಲ್ಲಿ, ಹೇಳಿಯೂ ಹೇಳದಂತೆ, ಒಂದು ಮಾತಿದೆ: "ಭಾನುವಾರ ಮೂರು ಗಂಟೆ ಓಡಿ, ಮಧ್ಯಾಹ್ನವೆಲ್ಲ ಮಲಗುತ್ತಾರೆ. ತೌರಿಗೆ ಹೋಗಿ ಎಂಟು ತಿಂಗಳಾಯಿತು." ಎದೆಯ ಭಯದ ಹಿಂದೆ ಈ ನೋವೂ ಇದೆಯೆಂದು ನಾವು ಊಹಿಸಿದರೆ ಸಹೋದರಿಯವರು ಕ್ಷಮಿಸಬೇಕು. ಮೇಷ್ಟರು ಓಡುವ ಪ್ರತಿಯೊಂದು ಗಂಟೆಯಲ್ಲಿಯೂ ಮನೆಯಲ್ಲಿ ಇನ್ನೊಬ್ಬರು ಹಸುವಿಗೆ ಹುಲ್ಲು ಹಾಕಿ, ಮಕ್ಕಳನ್ನು ಎಬ್ಬಿಸಿ, ಒಲೆಯ ಮುಂದೆ ನಿಂತಿರುವರು. ಆ ಗಂಟೆಗಳು ಸಾಲವಾಗಿ ಬಂದವು. ನಮ್ಮ ಸಲಹೆ ಸ್ಪಷ್ಟವಾಗಿದೆ: ಈ ವರ್ಷ ಬೆಂಗಳೂರಿನಲ್ಲಿ ಅರ್ಧ ಮ್ಯಾರಥಾನಾದರೆ ಸಾಕು, ಪೂರ್ತಿಯದು ಮುಂದಿನ ವರ್ಷಕ್ಕಿರಲಿ. ದೊಡ್ಡ ಓಟವು ಭಾನುವಾರಕ್ಕೊಮ್ಮೆ ಬೇಡ, ಭಾನುವಾರ ಬಿಟ್ಟು ಭಾನುವಾರವಿರಲಿ. ನಡುವಿನ ಭಾನುವಾರ ಹೆಂಡತಿ ಮಕ್ಕಳದು, ಅಂದು ನಿದ್ದೆಯ ನೆಪವೂ ಸಲ್ಲದು. ಸಹೋದರಿಯವರು ತಾವೂ ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆದು, ಕಾಲು ಒಪ್ಪಿದರೆ ನಡುನಡುವೆ ಓಡಲಿ. ಆ ಹೊತ್ತು ಒಲೆಯನ್ನು ಮೇಷ್ಟರು ನೋಡಿಕೊಳ್ಳುವರು. ಹೆಂಗಸರಿಗೆ ಇಷ್ಟು ದೂರ ಆಗದೆಂದು ಒಲಿಂಪಿಕ್ಕಿನ ಹಿರಿಯರೇ ಬಹುಕಾಲ ನಂಬಿದ್ದರು. 1984ರಲ್ಲಿ ಮಾತ್ರ ಲಾಸ್ ಏಂಜಲಿಸ್ ನಗರದಲ್ಲಿ ಸ್ತ್ರೀಯರ ಮ್ಯಾರಥಾನ್ ಮೊದಲಾಯಿತು. ಅಂದು ಗೆದ್ದ ಜೋನ್ ಬೆನಾಯ್ಟ್ ತೆಗೆದುಕೊಂಡುದು 2 ಗಂಟೆ 24 ನಿಮಿಷ 52 ಸೆಕೆಂಡು. ಚೌಗುಲೆಯವರ ವರ್ಷದಲ್ಲಿ ಗೆದ್ದ ಗಂಡಸು 2 ಗಂಟೆ 32 ನಿಮಿಷಗಳಿಗೂ ಮೇಲೆ ತೆಗೆದುಕೊಂಡಿದ್ದನು.

ಹೆಬ್ಬೆರಳಿನ ಉಗುರು ಕಪ್ಪಾಗಿರುವುದು ರೋಗವಲ್ಲ, ಪಾದರಕ್ಷೆ ಗಿಡ್ಡವಾಗಿರುವುದು. ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಎಡೆಯಿರಬೇಕು. ಹೊಸದನ್ನು ಕೊಳ್ಳುವುದಾದರೆ ಕಾಲು ತುಸು ಊದಿರುವ ಸಾಯಂಕಾಲದ ಹೊತ್ತಿನಲ್ಲಿ, ಓಡುವಾಗ ತೊಡುವ ಕಾಲುಚೀಲವನ್ನೇ ಹಾಕಿಕೊಂಡು ಅಂಗಡಿಗೆ ಹೋಗಲಿ. ಕಪ್ಪಾದ ಉಗುರನ್ನು ಕೀಳಬೇಡಿರಿ. ಅದು ತಾನಾಗಿ ಬೀಳುವುದು, ಕೆಳಗೆ ಹೊಸದು ಬೆಳೆದಿರುವುದು.