ಡಬ್ಬದ ನಾರೋ, ಹೊಲದ ಈರುಳ್ಳಿಯೋ?

ಪರೀಕ್ಷೆ ಹತ್ತಿರವಾದಂತೆ ಹಾಸ್ಟೆಲ್ ಮಕ್ಕಳ ಊಟ ಕೆಡುತ್ತದೆ. ಬೆಳಿಗ್ಗೆ ಟೀ-ಬನ್ನು, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ಬೇಕರಿಯ ಪಫ್ಸ್. ಓಡಾಟವಿಲ್ಲ, ನೀರು ಕುಡಿಯುವುದೂ ಮರೆಯುತ್ತದೆ. ವಾರ ಕಳೆಯುವುದರೊಳಗೆ ಮಲಬದ್ಧತೆ, ಹೊಟ್ಟೆ ಭಾರ. ಔಷಧಿ ಅಂಗಡಿಯಲ್ಲಿ ಇದಕ್ಕೊಂದು ಡಬ್ಬ ಸಿಗುತ್ತದೆ: ‘ಪ್ರಿಬಯಾಟಿಕ್ ಫೈಬರ್’. ಸಸ್ಯಮೂಲದ್ದು, ಆದ್ದರಿಂದ ಅಪಾಯವಿಲ್ಲ ಎಂದು ನಂಬಿ ತಂದೆ ತಾಯಿಯರು ಕೊಡಿಸುತ್ತಾರೆ. ಈ ನಂಬಿಕೆ ಎಷ್ಟು ಸರಿ?

ಅಜ್ಜಂಪುರದ ಅಮೃತಮಹಲ್ ದನಗಳು ಒಣಹುಲ್ಲು ಮೇದೇ ಗಟ್ಟಿಯಾಗಿರುತ್ತವೆ. ಆ ಹುಲ್ಲನ್ನು ಒಡೆಯುವುದು ದನದ ಜೀರ್ಣರಸವಲ್ಲ, ಅದರ ಹೊಟ್ಟೆಯ ಮೊದಲ ಚೀಲದಲ್ಲಿರುವ ಸೂಕ್ಷ್ಮಜೀವಿಗಳು. ಮನುಷ್ಯನಿಗೂ ಇಂಥ ಏರ್ಪಾಡು ಸಣ್ಣ ಪ್ರಮಾಣದಲ್ಲಿ ಉಂಟು, ದೊಡ್ಡ ಕರುಳಿನಲ್ಲಿ. ಜೀರ್ಣವಾಗದೆ ಅಲ್ಲಿಗೆ ತಲುಪಿದ ಕೆಲವು ಬಗೆಯ ನಾರನ್ನು ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರಕ್ಕೆ ಅದೇ ಮುಖ್ಯ ಆಹಾರ. ಹೀಗೆ ಹಿತಕರ ಬ್ಯಾಕ್ಟೀರಿಯಾಗಳನ್ನು ಪೋಷಿಸುವ ಆಹಾರಾಂಶಕ್ಕೆ ಗಿಬ್ಸನ್ ಮತ್ತು ರೋಬರ್‌ಫ್ರಾಯ್ಡ್ ಎಂಬ ವಿಜ್ಞಾನಿಗಳು 1995ರಲ್ಲಿ ‘ಪ್ರಿಬಯಾಟಿಕ್’ ಎಂದು ಹೆಸರಿಟ್ಟರು.

ಪ್ರಯೋಜನವೇನು?

ಡಬ್ಬದಲ್ಲಿ ಸಾಮಾನ್ಯವಾಗಿ ಇರುವುದು ಚಿಕೋರಿ ಬೇರಿನಿಂದ ತೆಗೆದ ಇನ್ಯುಲಿನ್. ಕಾಫಿ ಪುಡಿಗೆ ಬೆರೆಸುತ್ತಾರಲ್ಲ, ಅದೇ ಚಿಕೋರಿ. ಮಧುಮೇಹಿಗಳ ಇನ್ಸುಲಿನ್ ಬೇರೆ, ಇದು ಬೇರೆ. ದಿನಕ್ಕೆ 12 ಗ್ರಾಂ ಚಿಕೋರಿ ಇನ್ಯುಲಿನ್ ಮಲವಿಸರ್ಜನೆ ಸರಾಗವಾಗಲು ನೆರವಾಗುತ್ತದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಒಪ್ಪಿದೆ. ಹದಿಹರೆಯದವರ ದೇಹ ಕ್ಯಾಲ್ಸಿಯಂ ಹೀರಿಕೊಳ್ಳುವುದು ಇದರಿಂದ ಹೆಚ್ಚಿತೆಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ಇದರಿಂದ ನೆನಪಿನ ಶಕ್ತಿ ಬೆಳೆಯುವುದೆಂದು, ಅಂಕ ಹೆಚ್ಚುವುದೆಂದು ಯಾರೂ ಭ್ರಮಿಸಬಾರದು.

ತೊಂದರೆಯೂ ಉಂಟು

ಹುದುಗುವಾಗ ಗಾಳಿ ಹುಟ್ಟುತ್ತದೆ. ಮೊದಲ ದಿನವೇ ಎರಡು ಚಮಚ ಕಲಸಿ ಕುಡಿದರೆ ಹೊಟ್ಟೆಯುಬ್ಬರ, ನುಲಿತ, ಕೆಲವರಿಗೆ ಭೇದಿ. ಪರೀಕ್ಷಾ ಕೊಠಡಿಯಲ್ಲಿ ಅದಕ್ಕಿಂತ ದೊಡ್ಡ ಪೇಚು ಬೇರೆ ಬೇಕೆ? ಹೊಟ್ಟೆ ಪದೇ ಪದೇ ಕೆರಳುವ ಸ್ವಭಾವದವರಿಗೆ ಇನ್ಯುಲಿನ್ ಅನೇಕ ವೇಳೆ ಒಗ್ಗುವುದಿಲ್ಲ. ಅಂಟಿನಂತೆ ಉಬ್ಬುವ ನಾರುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗೋರಿಕಾಯಿ ಜಾತಿಯ ಬೀಜದ ಅಂಟಿನ ಮಾತ್ರೆಗಳನ್ನು ತೂಕ ಇಳಿಸಲೆಂದು ನುಂಗಿದವರಲ್ಲಿ ಅನ್ನನಾಳ ಕಟ್ಟಿಕೊಂಡ ಪ್ರಕರಣಗಳು ಅಮೆರಿಕದಲ್ಲಿ 1990ರ ಸುಮಾರಿಗೆ ವರದಿಯಾದವು. ಇಂಥ ಪುಡಿಗಳನ್ನು ಸಾಕಷ್ಟು ನೀರಿಲ್ಲದೆ ಸೇವಿಸಬಾರದು. ಬೇರೆ ಔಷಧಿ ನಡೆಯುತ್ತಿದ್ದರೆ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಮಲದಲ್ಲಿ ರಕ್ತ, ತೂಕ ಇಳಿಯುವುದು, ಬಿಡದ ನೋವು, ರಾತ್ರಿ ಎಬ್ಬಿಸುವ ಭೇದಿ, ಇವಕ್ಕೆ ಪುಡಿ ಮದ್ದಲ್ಲ. ನಾಚಿಕೆಯಿಂದ ಹೇಳಿಕೊಳ್ಳದ ಮಕ್ಕಳು ಡಬ್ಬವನ್ನೇ ನೆಚ್ಚಿಕೊಂಡರೆ ರೋಗ ಪತ್ತೆಯಾಗುವುದು ತಡವಾಗುತ್ತದೆ. ‘ಹೊಟ್ಟೆ ಸರಿಯಿದೆಯೇನಪ್ಪ?’ ಎಂದು ಮನೆಯವರೇ ಕೇಳಬೇಕು.

ಮನೆಯ ದಾರಿ

ತರೀಕೆರೆ-ಅಜ್ಜಂಪುರದ ಸೀಮೆ ಈರುಳ್ಳಿಗೆ ಹೆಸರಾದದ್ದು. ಈರುಳ್ಳಿ, ಬೆಳ್ಳುಳ್ಳಿಗಳಲ್ಲಿ ಇರುವುದೂ ಇನ್ಯುಲಿನ್ ಜಾತಿಯ ನಾರೇ. ಕಡೂರಿನ ಕಡೆಯ ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರುಂಟು. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿಯ ನಾರೆಲ್ಲ ಪ್ರಿಬಯಾಟಿಕ್ ಅಲ್ಲ, ನಿಜ. ಆದರೆ ಜೊತೆಗೆ ಕ್ಯಾಲ್ಸಿಯಂ ಬರುತ್ತದೆ. ಡಬ್ಬದಲ್ಲಿ ಬರುವುದು ಬರಿಯ ನಾರು.

ಬೆಲೆ ಬಿದ್ದ ವರ್ಷ ಈರುಳ್ಳಿ ಹೊಲದಲ್ಲೇ ಕೊಳೆಯುತ್ತದೆ. ಅದೇ ಮನೆಯ ಮಗ ಪಟ್ಟಣದಲ್ಲಿ ಅಂಥದೇ ನಾರನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆ! ಹಾಸ್ಟೆಲಿಗೆ ಹೊರಟವರ ಚೀಲದಲ್ಲಿ ರಾಗಿ ಹುರಿಹಿಟ್ಟು, ಹುರಿಗಡಲೆ ಇರಲಿ. ಊಟಕ್ಕೆ ಹಸಿ ಈರುಳ್ಳಿ, ಕಾಳಿನ ಸಾರು, ದಿನವೂ ಒಂದು ಬಾಳೆಹಣ್ಣು, ಸಾಕಷ್ಟು ನೀರು, ಸಂಜೆ ಅರ್ಧ ಗಂಟೆ ನಡಿಗೆ ಇರಲಿ. ಇಷ್ಟಾದರೂ ಸರಿಹೋಗದಿದ್ದರೆ ವೈದ್ಯರ ಸಲಹೆಯಂತೆ ಪುಡಿಯನ್ನು ಅರ್ಧ ಚಮಚದಿಂದ ಆರಂಭಿಸಬಹುದು. ಮೊದಲು ತಟ್ಟೆ ನೋಡಿ, ಆಮೇಲೆ ಡಬ್ಬ.